ನೀರೆಂದು ನಂಬಿ ಫಲಕಕ್ಕೆ ಇಳಿದವು

ಅಮೆರಿಕದ ಮೊಹಾವೆ ಮರುಭೂಮಿಯಲ್ಲಿರುವ ಇವಾನ್‌ಪಾ ಸೌರ ಸ್ಥಾವರ 2014ರಲ್ಲಿ ಶುರುವಾಯಿತು. ಗೋಪುರದ ಬಳಿ ಗಾಳಿಯಲ್ಲೇ ಹೊತ್ತಿಕೊಂಡು, ಹೊಗೆಯ ಗೆರೆ ಎಳೆಯುತ್ತ ಬೀಳುವ ಜೀವಿಗಳಿಗೆ ಅಲ್ಲಿನ ಕೆಲಸಗಾರರು ‘ಸ್ಟ್ರೀಮರ್’ ಎಂದು ಹೆಸರಿಟ್ಟರು. ಒಂದೊಂದೂ ಸುಮಾರು 140 ಮೀಟರ್ ಎತ್ತರದ ಮೂರು ಗೋಪುರಗಳು, ಸುತ್ತ ಲಕ್ಷಗಟ್ಟಲೆ ಕನ್ನಡಿಗಳು. ಕನ್ನಡಿಗಳು ಬಿಸಿಲನ್ನೆಲ್ಲ ಗೋಪುರದ ತುದಿಗೆ ತಿರುಗಿಸಿ ಬಾಯ್ಲರ್ ಕಾಯಿಸುತ್ತವೆ. ಆ ಹೊಳಪಿಗೆ ಕೀಟಗಳು ಬರುತ್ತವೆ, ಕೀಟಗಳನ್ನು ಹಿಡಿಯಲು ಅಂಬರಗುಬ್ಬಿಗಳು. ಗರಿಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಡುತ್ತದೆ. ರೆಕ್ಕೆಯ ಗರಿ ಸುರುಟಿತೆಂದರೆ ಹಕ್ಕಿ ಅಲ್ಲೇ ಸಾಯದಿದ್ದರೂ ಮತ್ತೆ ಹಾರಲಾರದು.

ಪತ್ರಿಕೆಗಳಿಗೆ ಈ ಸುದ್ದಿ ಸಿಕ್ಕಿದ್ದೇ ತಡ, ಸೌರಶಕ್ತಿಯೆಂದರೆ ಹಕ್ಕಿ ಸುಡುವ ಯಂತ್ರ ಎಂಬಂತಾಯಿತು. ಆದರೆ ಇಂಥ ಗೋಪುರಗಳು ಜಗತ್ತಿನಲ್ಲಿ ಕೆಲವೇ ಇವೆ. ಎಲ್ಲೆಡೆ ಹರಡುತ್ತಿರುವುದು ಸಾಮಾನ್ಯ ಸೌರ ಫಲಕ. ಅದು ಯಾರನ್ನೂ ಸುಡುವುದಿಲ್ಲ, ಮೋಸ ಮಾಡುತ್ತದೆ.

ನೀರಿನ ಮೇಲ್ಮೈಯಿಂದ ಚಿಮ್ಮುವ ಬೆಳಕಿನ ಅಲೆಗಳು ಬಹುಪಾಲು ಅಡ್ಡಲಾಗಿ ಕಂಪಿಸುತ್ತವೆ. ಇದು ಧ್ರುವೀಕೃತ ಬೆಳಕು. ನಮ್ಮ ಕಣ್ಣಿಗೆ ಇದರ ವ್ಯತ್ಯಾಸ ಗೊತ್ತಾಗದು, ಹಲವು ಕೀಟಗಳಿಗೆ ಗೊತ್ತಾಗುತ್ತದೆ. ನೀರನ್ನು ಅವು ಗುರುತಿಸುವುದೇ ಹೀಗೆ. ನಯವಾದ ಕಪ್ಪು ಫಲಕವಂತೂ ಬೆಳಕನ್ನು ನೀರಿಗಿಂತಲೂ ಬಲವಾಗಿ ಧ್ರುವೀಕರಿಸುತ್ತದೆ. ಮೇಫ್ಲೈ ಎಂಬುದು ನೀರಿನಲ್ಲಿ ಮೊಟ್ಟೆ ಇಡುವ ಕೀಟ. ವಯಸ್ಕ ಮೇಫ್ಲೈಯ ಆಯುಸ್ಸೇ ಕೆಲವು ಗಂಟೆಗಳಿಂದ ಒಂದೆರಡು ದಿನ. ಅಷ್ಟರಲ್ಲಿ ಅದು ಕೂಡಬೇಕು, ನೀರು ಹುಡುಕಬೇಕು, ಮೊಟ್ಟೆ ಇಡಬೇಕು. ಹತ್ತಿರದಲ್ಲಿ ಹೊಳೆಯಿದ್ದರೂ ಅದು ಗಾಜಿನ ಮೇಲೆ ಇಳಿದು ಮೊಟ್ಟೆ ಇಟ್ಟುಬಿಡುತ್ತದೆ. ಬಿಸಿಲಿಗೆ ಅವೆಲ್ಲ ಒಣಗಿಹೋಗುತ್ತವೆ. ಹಂಗೆರಿಯ ಗಾಬೋರ್ ಹೋರ್ವಾತ್ ಮತ್ತು ಸಂಗಡಿಗರು ಇದನ್ನು 2010ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ಫಲಕದ ಮೇಲೆ ತೆಳುವಾದ ಬಿಳಿ ಗೆರೆಗಳನ್ನು ಹಾಕಿ ಚೌಕುಳಿ ಮಾಡಿದರೆ ಸಾಕು, ಬರುವ ಕೀಟಗಳು ತೀರಾ ಕಡಿಮೆಯಾಗುತ್ತವೆ ಎಂದೂ ಅವರೇ ಕಂಡುಕೊಂಡರು. ಇಷ್ಟು ಸುಲಭದ ಉಪಾಯ ಇನ್ನೂ ರೂಢಿಗೆ ಬಂದಿಲ್ಲವೆಂಬುದು ನನಗೆ ಸೋಜಿಗ.

ಹಕ್ಕಿಗಳೂ ಹೀಗೆ ಮೋಸಹೋಗುತ್ತವೆಯೇ? ಕ್ಯಾಲಿಫೋರ್ನಿಯಾದ ಮರುಭೂಮಿಯ ಫಲಕಗಳ ನಡುವೆ ಗುಳುಮುಳುಕದ ಜಾತಿಯ ನೀರುಹಕ್ಕಿಗಳ ಹೆಣಗಳು ಸಿಕ್ಕಿವೆ. ಸುತ್ತ ನೀರಿಲ್ಲದ ಕಡೆ ಅವಕ್ಕೇನು ಕೆಲಸ? ಮೇಲಿನಿಂದ ನೋಡಿದಾಗ ಫಲಕಗಳ ಸಾಲು ಕೆರೆಯಂತೆ ಕಾಣುತ್ತದೆ ಎಂಬ ಗುಮಾನಿ ಹುಟ್ಟಿದ್ದು ಇದರಿಂದಲೇ. ಕೀಟಗಳ ವಿಷಯದಲ್ಲಿರುವಷ್ಟು ಗಟ್ಟಿ ಪುರಾವೆ ಇದಕ್ಕಿನ್ನೂ ಇಲ್ಲ. ಇಳಿದ ಮೇಲಿನ ಪಾಡು ಮಾತ್ರ ಸ್ಪಷ್ಟ: ಗುಳುಮುಳುಕದ ಕಾಲುಗಳು ದೇಹದ ತೀರಾ ಹಿಂಬದಿಯಲ್ಲಿವೆ, ಈಜಲು ಚೆನ್ನ, ನಡೆಯಲು ಕಷ್ಟ. ಅದು ನೀರಿನ ಮೇಲೆ ಓಡಿಯೇ ಮೇಲೇಳಬೇಕು. ಒಣನೆಲದಲ್ಲಿ ಪೆಟ್ಟಾಗದೆ ಇಳಿದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ತಂತಿಗಳು. ರಾಜಸ್ಥಾನದ ಥಾರ್‌ನಲ್ಲಿ ದೊರೆವಾಯನ ಹಕ್ಕಿಗೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಟಕವಾಗಿರುವುದು ಫಲಕಕ್ಕಿಂತ ಹೆಚ್ಚಾಗಿ ವಿದ್ಯುತ್ ಸಾಗಿಸುವ ತಂತಿ. ಭಾರವಾದ ಹಕ್ಕಿ, ಎದುರಿನ ನೋಟ ಕಿರಿದು. ತಂತಿ ಕಂಡಾಗ ತಿರುಗಲು ಹೊತ್ತಿರುವುದಿಲ್ಲ.

ಎಲ್ಲವೂ ಕೇಡೇ ಎಂದಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಹಿಂದೆ ಹೊಲವಾಗಿದ್ದ ಎರಡು ಕಡೆ ಫಲಕಗಳ ನಡುವೆ ಸ್ಥಳೀಯ ಹುಲ್ಲು, ಹೂಗಿಡಗಳನ್ನು ಬೆಳೆಸಿದರು. ಐದು ವರ್ಷಗಳಲ್ಲಿ ಕೀಟಗಳು ಮೂರು ಪಟ್ಟಾದವು. ಹಾಗೆಂದು ಈ ಲೆಕ್ಕವನ್ನು ಮೊಹಾವೆಗೆ ಒಯ್ಯಲಾಗದು. ಅಲ್ಲಿ ಫಲಕ, ಕನ್ನಡಿಗಳು ಬಂದದ್ದು ಉತ್ತ ಹೊಲಕ್ಕಲ್ಲ, ಆಮೆಗಳು ಬಿಲ ತೋಡಿಕೊಂಡಿದ್ದ ನೆಲಕ್ಕೆ. ಇವಾನ್‌ಪಾ ಕಟ್ಟುವ ಮುನ್ನ ಅವನ್ನು ಹಿಡಿದು ಬೇರೆಡೆಗೆ ಸಾಗಿಸಬೇಕಾಯಿತು.