ನೋವು ಬಲಗಡೆ, ಕೋಲು ಎಡಗೈಯಲ್ಲಿ: ಇದು ಹೇಗೆ ಸರಿ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಬಲಗಡೆಯ ಸೊಂಟದ ಕೀಲು ಸವೆದಿದೆ. ಆಪರೇಷನ್ ಸದ್ಯಕ್ಕೆ ಬೇಡ, ಕೋಲು ಹಿಡಿದು ನಡೆಯಲಿ ಅಂದರು ಡಾಕ್ಟರು. ಫಿಸಿಯೋಥೆರಪಿಯವರು ಕೋಲನ್ನು ಎಡಗೈಗೆ ಕೊಟ್ಟು ಕಳಿಸಿದರು. ಮನೆಗೆ ಬಂದಿದ್ದೇ ಅಮ್ಮ ಅದನ್ನು ಬಲಗೈಗೆ ಬದಲಾಯಿಸಿಕೊಂಡರು. "ನೋವಿರೋದು ಈ ಕಡೆ, ಆಸರೆ ಆ ಕಡೆ ಯಾಕೆ?" ಅಂತಾರೆ. ಯಾರ ಮಾತು ಕೇಳಬೇಕು?

ಉತ್ತರ: ಫಿಸಿಯೋಥೆರಪಿಯವರ ಮಾತನ್ನು. ಆದರೆ ಅಮ್ಮನನ್ನು ಬೈಯಬೇಡಿ. ಊರಿನ ನಾಟಕದಲ್ಲಿ ಮುದುಕನ ಪಾತ್ರ ಮಾಡುವವರೂ ಕುಂಟುವ ಕಾಲಿನ ಕಡೆಗೇ ದೊಣ್ಣೆ ಹಿಡಿಯುತ್ತಾರೆ. ನೋಡುವವರಿಗೆ ಅದೇ ಸರಿ ಅನ್ನಿಸುತ್ತದೆ. ಬರೀ "ಎಡಗೈಯಲ್ಲಿ ಹಿಡೀರಿ" ಅಂದರೆ ಯಾರೂ ಒಪ್ಪುವುದಿಲ್ಲ, ಕಾರಣ ಹೇಳಬೇಕು.

ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ನಾವು ಒಂಟಿಕಾಲಿನ ಮೇಲೆ ಇರುತ್ತೇವೆ. ಬಲಗಾಲು ನೆಲದ ಮೇಲಿದೆ, ಎಡಗಾಲು ಗಾಳಿಯಲ್ಲಿದೆ ಅಂದುಕೊಳ್ಳಿ. ಆಗ ಮೈಭಾರವೆಲ್ಲ ಬಲಗೀಲಿನ ಎಡಪಕ್ಕದಲ್ಲಿ ತೂಗುತ್ತಿರುತ್ತದೆ, ಸೊಂಟ ಎಡಕ್ಕೆ ಜಗ್ಗಿ ಬೀಳಲು ನೋಡುತ್ತದೆ. ಬೀಳದಂತೆ ಹಿಡಿದಿಡುವುದು ಬಲಪಕ್ಕದ ಸೊಂಟದ ಸ್ನಾಯುಗಳು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಇರುವ ತಕ್ಕಡಿ ಇದ್ದ ಹಾಗೆ. ಉದ್ದ ತೋಳಿನಲ್ಲಿ ಮೈಭಾರ, ಗಿಡ್ಡ ತೋಳಿನಲ್ಲಿ ಸ್ನಾಯು, ನಡುವಿನ ಮುಳ್ಳಿನ ಜಾಗದಲ್ಲಿ ಸವೆದ ಕೀಲು. ಗಿಡ್ಡ ತೋಳಿನಲ್ಲಿರುವ ಪಾಪದ ಸ್ನಾಯು ಎರಡರಷ್ಟು ಎಳೆಯಬೇಕು. ಎರಡೂ ಕಡೆಯ ಭಾರ ಬಂದು ಕೂರುವುದು ಕೀಲಿನ ಮೇಲೆ.

ಸ್ಥೂಲವಾಗಿ ಲೆಕ್ಕ ಹಾಕೋಣ. ಅಮ್ಮನ ತೂಕ 60 ಕೆ.ಜಿ. ಅನ್ನಿ. ಊರಿದ ಕಾಲಿನ ತೂಕ ಕಳೆದರೆ ಕೀಲು ಹೊರುವುದು ಸುಮಾರು 50 ಕೆ.ಜಿ. ಅದು ಕೀಲಿನಿಂದ ಸುಮಾರು 10 ಸೆಂ.ಮೀ. ದೂರದಲ್ಲಿ ತೂಗುತ್ತದೆ, ಸ್ನಾಯು ಹಿಡಿದಿರುವುದು 5 ಸೆಂ.ಮೀ. ದೂರದಲ್ಲಿ. ಹಾಗಾಗಿ ಸ್ನಾಯು 100 ಕೆ.ಜಿ.ಯಷ್ಟು ಎಳೆಯಬೇಕು. ಕೀಲಿನ ಮೇಲೆ ಒಟ್ಟು 150, ಅಂದರೆ ಮೈತೂಕದ ಎರಡೂವರೆ ಪಟ್ಟು.

ಈಗ ಎಡಗೈಯಲ್ಲಿ ಕೋಲು ಕೊಡಿ. ಅದು ಬಲಗೀಲಿನಿಂದ 40 ಸೆಂ.ಮೀ. ಆಚೆ ಇದೆ. ಅಮ್ಮ ಅದರ ಮೇಲೆ ಬರೀ 5 ಕೆ.ಜಿ. ಒತ್ತಿದರೂ ದೂರದ ಬಲದಿಂದ ಸ್ನಾಯುವಿನ ಕೆಲಸ 60ಕ್ಕೆ ಇಳಿಯುತ್ತದೆ, ಕೀಲಿನ ಭಾರ 105ಕ್ಕೆ. ಕೈ ಒತ್ತಿದ್ದು 5, ಕೀಲಿಗೆ ಉಳಿತಾಯವಾದದ್ದು 45! ನಿಜವಾದ ನಡಿಗೆ ಕಾಗದದ ಲೆಕ್ಕದಷ್ಟು ಉದಾರವಲ್ಲ, ಉಳಿತಾಯ ಇದಕ್ಕಿಂತ ಕಡಿಮೆ. ಆದರೂ ದಿಕ್ಕು ಇದೇ. ಅದೇ ಕೋಲು ಬಲಗೈಯಲ್ಲಿದ್ದರೆ ಅದು ಬಲಭುಜವನ್ನು ಮೇಲೆ ತಳ್ಳುತ್ತದೆ, ಸೊಂಟ ಎಡಕ್ಕೆ ಜಗ್ಗುವುದಕ್ಕೇ ಕುಮ್ಮಕ್ಕು ಕೊಟ್ಟಂತಾಗುತ್ತದೆ.

ತರಕಾರಿ ಚೀಲದ ಲೆಕ್ಕ ಇದಕ್ಕೆ ಉಲ್ಟಾ. ಬಲಸೊಂಟ ನೋವಿದ್ದವರು ಎಡಗೈಯಲ್ಲಿ ಚೀಲ ಹಿಡಿದರೆ ಉದ್ದ ತೋಳಿಗೆ ಇನ್ನಷ್ಟು ತೂಕ ನೇತುಹಾಕಿದ ಹಾಗೆ. ಹೊರಲೇಬೇಕಿದ್ದರೆ ಹಗುರ ಚೀಲ ಬಲಗೈಗೆ, ಕೋಲು ಎಡಗೈಗೆ. ಬೆನ್ನಿಗೆ ಹಾಕುವ ಚೀಲ ಇನ್ನೂ ಮೇಲು, ನಮ್ಮ ಅಮ್ಮಂದಿರು ಒಪ್ಪಿದರೆ.

ಮಂಡಿನೋವಿಗೂ ಇದೇ ನಿಯಮ: ಕೋಲು ಎದುರು ಕೈಗೆ. ಎರಡೂ ಮಂಡಿ ನೋಯುತ್ತಿದ್ದರೆ ಹೆಚ್ಚು ನೋಯುವ ಮಂಡಿಯ ಎದುರು ಕೈಗೆ. ಲಕ್ವ ಹೊಡೆದವರ ವಿಷಯದಲ್ಲಿ ಚರ್ಚೆಯೇ ಇಲ್ಲ, ಶಕ್ತಿ ಇರುವ ಕೈಯೇ ಎದುರು ಕೈ.

ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಬೇಕು, ಆಮೇಲೆ ಒಳ್ಳೆಯ ಕಾಲು. ಮೊದಲ ಎರಡು ದಿನ ಕಾಲು ಕೈ ಗೋಜಲಾಗುತ್ತವೆ. ಜಗಲಿಯಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು "ಕೋಲು–ಬಲ, ಎಡ, ಕೋಲು–ಬಲ, ಎಡ" ಎಂದು ಹೇಳಿಕೊಡಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಕಟಕಟೆ ಇದ್ದರೆ ಒಂದು ಕೈಯಲ್ಲಿ ಅದನ್ನು ಹಿಡಿದೇ ಇಳಿಯಲಿ.

ಇನ್ನು ಎತ್ತರ. ಪೇಟೆಯಿಂದ ಯಾರೋ ತಂದುಕೊಟ್ಟ ಕೋಲನ್ನು ಹಾಗೇ ಬಳಸುವವರು ತುಂಬ ಜನ. ಅಮ್ಮ ದಿನಾ ಹಾಕುವ ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಲಿ. ಮಣಿಕಟ್ಟಿನ ಒಳಗೆರೆ ಎಲ್ಲಿದೆಯೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಬಾಗಿರುತ್ತದೆ. ಕೋಲು ಉದ್ದವಾದರೆ ಭುಜ ಕಿವಿಗೆ ಏರುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ, ಸೊಂಟನೋವಿನ ಜೊತೆಗೆ ಬೆನ್ನುನೋವನ್ನೂ ಕೊಂಡುಕೊಂಡಂತೆ. ಮರದ ಕೋಲನ್ನು ಗರಗಸದಲ್ಲಿ ಕತ್ತರಿಸುವುದಾದರೆ ತಳದ ರಬ್ಬರನ್ನೂ ಸೇರಿಸಿ ಅಳೆಯಿರಿ. ಅಲ್ಯೂಮಿನಿಯಂ ಕೋಲಿನಲ್ಲಿ ತೂತಿನಿಂದ ಗುಂಡಿ ಪೂರ್ತಿ ಹೊರಬಂದಿದೆಯೇ ಎಂದು ಬೆರಳಿಟ್ಟು ನೋಡಿ. ಅರ್ಧ ಬಂದಿದ್ದರೆ ಭಾರ ಬಿದ್ದ ಕ್ಷಣ ಕೋಲು ಕುಸಿಯುತ್ತದೆ.

ತಳದ ರಬ್ಬರ್ ಸವೆದು ನುಣುಪಾಗಿದ್ದರೆ ಒದ್ದೆ ನೆಲದ ಮೇಲೆ ಆ ಕೋಲು ಇಲ್ಲದಿರುವುದೇ ವಾಸಿ. ಕೋಲಿಗೆ ಹೋಲಿಸಿದರೆ ರಬ್ಬರಿನ ಬೆಲೆ ಏನೂ ಅಲ್ಲ, ಬದಲಾಯಿಸಿ. ನಾಲ್ಕು ಕಾಲಿನ ಕೋಲು ತಂದಿದ್ದರೆ ಚಾಚಿಕೊಂಡಿರುವ ಕಾಲುಗಳು ಮೈಯಿಂದ ಹೊರಗೆ ಇರಲಿ. ಒಳಗಿದ್ದರೆ ತಾವೇ ಎಡವುತ್ತಾರೆ. ಕುರ್ಚಿಯಿಂದ ಏಳುವಾಗ ಕೋಲನ್ನು ಜಗ್ಗಿ ಏಳುವುದು ಬೇಡ, ಕುರ್ಚಿಯ ಕೈ ಒತ್ತಿ ಎದ್ದ ಮೇಲೆ ಕೋಲು ತೆಗೆದುಕೊಳ್ಳಲಿ.

ಒಂದೇ ಕೋಲು ಸಾಲದ ಸಂದರ್ಭಗಳೂ ಇವೆ. ಮೈತೂಕದ ಕಾಲುಭಾಗಕ್ಕಿಂತ ಹೆಚ್ಚನ್ನು ಅದರ ಮೇಲೆ ಹಾಕಬೇಕು ಅನ್ನಿಸುತ್ತಿದ್ದರೆ, ಅಂದರೆ ಕೋಲಿಗೆ ಜೋತುಬಿದ್ದು ನಡೆಯುತ್ತಿದ್ದರೆ, ವಾಕರ್ ಅಥವಾ ಊರುಗೋಲು (ಕ್ರಚಸ್) ಬೇಕಾಗಬಹುದು. ಮೂಳೆ ಮುರಿದು "ಕಾಲು ಊರಬೇಡಿ" ಎಂದು ಹೇಳಿಸಿಕೊಂಡವರಿಗೆ ಒಂಟಿಕೋಲು ಆಗುವುದೇ ಇಲ್ಲ. ಕಂಕುಳಿನ ಊರುಗೋಲು ಬಂದರೆ ಅದರ ಮೇಲ್ತುದಿ ಕಂಕುಳಿನಿಂದ ಎರಡು ಮೂರು ಬೆರಳು ಕೆಳಗಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಿನಲ್ಲೇ ನೇತಾಡಿದರೆ ಅಲ್ಲಿನ ನರ ಒತ್ತಿಹೋಗಿ ಮಣಿಕಟ್ಟು ಎತ್ತಲಾಗದಂತೆ ಕೈ ಜೋಲುತ್ತದೆ. ಬೆರಳು ಜೋಮು ಹಿಡಿಯತೊಡಗಿದರೆ ಅದೇ ಮುನ್ಸೂಚನೆ, ತಕ್ಷಣ ತೋರಿಸಿ.

ಕೋಲಿನ ಜೊತೆಗೆ ಮಂಡಿಗೋ ಸೊಂಟಕ್ಕೋ ಬಿಗಿ ಪಟ್ಟಿ ಕಟ್ಟಿಕೊಂಡು ಮಲಗುವವರಿದ್ದಾರೆ. ಪಟ್ಟಿ ಓಡಾಡುವಾಗಿನದು. ಮಲಗುವಾಗ ಬಿಚ್ಚಲಿ, ಡಾಕ್ಟರು ಬೇರೆ ಹೇಳಿದ್ದರೆ ಮಾತ್ರ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿದ್ದರೆ ಪಟ್ಟಿ, ಬೂಟು ಏನೇ ಹಾಕಲಿ, ದಿನಾ ರಾತ್ರಿ ಚರ್ಮ ನೋಡಬೇಕು, ಕೆಂಪು ಗುರುತು ಅವರ ಅರಿವಿಗೆ ಬರುವುದಿಲ್ಲ.

ಕೋಲು ಕೊಟ್ಟು ಸುಮ್ಮನಿರಬಾರದ ಸಂದರ್ಭ ಒಂದಿದೆ. ಅಮ್ಮ ಬಿದ್ದರು, ಆಮೇಲೆ ತೊಡೆಸಂದಿನಲ್ಲಿ ಹೊಸ ನೋವು ಶುರುವಾಯಿತು. "ನಡೀತೀನಲ್ಲ, ಏನಾಗಿಲ್ಲ" ಅಂತ ಅವರೇ ಹೇಳಿದರೂ ನಂಬಬೇಡಿ. ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಕಿರಿದಾದ ಭಾಗ, ಮುರಿದು ತುಂಡುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಕೆಲವರು ಕುಂಟುತ್ತ ನಡೆಯುತ್ತಾರೆ. ಅವತ್ತೇ ಎಕ್ಸ್-ರೇ ಆಗಲಿ.

ಇಷ್ಟಾದರೂ "ಕೋಲು ಹಿಡಿದರೆ ಮುದುಕಿ ಅಂತಾರೆ" ಎಂಬ ಮಾತು ಬಂದೇ ಬರುತ್ತದೆ. ಮಲೆನಾಡಿನ ಕಡೆ ಎಷ್ಟೋ ಹಿರಿಯರು ಅದಕ್ಕೇ ಬಿಸಿಲಲ್ಲೂ ಕೊಡೆ ಹಿಡಿದು ಹೊರಡುತ್ತಾರೆ. ಮರ್ಯಾದೆಗೆ ಅದು ಚೆನ್ನ, ಆದರೆ ಕೊಡೆಯ ತುದಿ ಲೋಹದ್ದು, ಪಾಚಿ ಕಟ್ಟಿದ ಅಂಗಳದಲ್ಲಿ ನಿಲ್ಲದು. ಅಮ್ಮನಿಗೆ ಕೊಡೆಯೇ ಬೇಕು ಎಂದರೆ ಮಣಿಕಟ್ಟಿನ ಎತ್ತರಕ್ಕೆ ಬರುವ, ಭಾರ ತಡೆಯುವ ಗಟ್ಟಿ ಕೊಡೆ ಹುಡುಕಿ, ತುದಿಗೆ ಕೋಲಿನ ರಬ್ಬರ್ ಹಾಕಿಸಿ, ಎಡಗೈಯಲ್ಲಿ ಕೊಡಿ.