ರ್‍ಯಾಂಕ್ ಟರ್ನರ್: ಮೊದಲ ದಿನವೇ ಧೂಳೇಳುವ ಪಿಚ್ ಯಾರ ಪಾಲಿಗೆ?

ವಿದೇಶಿ ತಂಡವೊಂದು ಟೆಸ್ಟ್ ಸರಣಿಗೆ ಭಾರತಕ್ಕೆ ಬರುತ್ತಿದೆ ಎಂದರೆ ಕೋಲಾರದ ಟೀ ಅಂಗಡಿಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಪಿಚ್ ಹೆಂಗಂತೆ?’ ನಾಯಕ ಯಾರು, ಯಾರಿಗೆ ಗಾಯ, ಯಾರು ತಂಡಕ್ಕೆ ವಾಪಸ್ ಬಂದರು ಎಲ್ಲ ಆಮೇಲೆ. ಉತ್ತರ ಪಕ್ಕದ ಬೆಂಚಿನಿಂದಲೇ ಬರುತ್ತದೆ: ‘ಇನ್ನೇನು, ಟರ್ನರ್ರೇ ಮಾಡ್ತಾರೆ. ಮೂರು ದಿನಕ್ಕೆ ಮುಗಿದೋಗ್ತದೆ.’ 2025-27ರ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಸುತ್ತಿನಲ್ಲಿ ಆಸ್ಟ್ರೇಲಿಯಾ 5 ಟೆಸ್ಟ್ ಆಡಲು ಭಾರತಕ್ಕೆ ಬರುವ ಸರಣಿ ಇದೆ. ಹಾಗಾಗಿ ಈ ಮಾತು ಇನ್ನೂ ಜಾಸ್ತಿ ಕೇಳಿಸುತ್ತದೆ. ಟಿವಿ ಕಾಮೆಂಟರಿಯಲ್ಲಿ ‘ರ್‍ಯಾಂಕ್ ಟರ್ನರ್’ ಅನ್ನುವುದು ಮೊದಲ ದಿನದಿಂದಲೇ ಚೆಂಡು ವಿಪರೀತ ತಿರುಗುವ ಇಂಥ ಪಿಚ್‌ಗೇ. ಆದರೆ ಚೆಂಡು ತಿರುಗುವ ಪಿಚ್‌ಗೆಲ್ಲ ಆ ಹೆಸರು ಸಲ್ಲುವುದಿಲ್ಲ. ಅಂಥದ್ದೊಂದು ಪಿಚ್ ಮಾಡಿಬಿಟ್ಟರೆ ಭಾರತ ಗೆದ್ದ ಹಾಗೇ ಅನ್ನುವ ನಂಬಿಕೆಯಂತೂ ಪದೇ ಪದೇ ಪೆಟ್ಟು ತಿಂದಿದೆ.

ಭಾರತದಲ್ಲಿ ನಾಲ್ಕನೇ, ಐದನೇ ದಿನ ಚೆಂಡು ತಿರುಗುವುದು ಮಾಮೂಲಿ. ಬಿಸಿಲಿಗೆ ಪಿಚ್ ಒಣಗುತ್ತದೆ. ಬೌಲರ್‌ಗಳು ಓಡಿ ಬಂದು ಕಾಲಿಡುವ ಜಾಗ ಸವೆದು ಒರಟಾಗುತ್ತದೆ. ಸ್ಪಿನ್ನರ್‌ಗೆ ಅಲ್ಲಿ ಕೆಲಸ ಸಿಗುತ್ತದೆ. ಐದು ದಿನದ ಆಟ ನಡೆಯಬೇಕಾದದ್ದೇ ಹೀಗೆ. ರ್‍ಯಾಂಕ್ ಟರ್ನರ್‌ನಲ್ಲಿ ಆ ನಾಲ್ಕನೇ ದಿನದ ಸ್ಥಿತಿ ಮೊದಲ ದಿನ ಬೆಳಗ್ಗೆಯೇ ಇರುತ್ತದೆ. ಚೆಂಡು ಬಿದ್ದ ಕಡೆ ಪುಸ್ ಅಂತ ಧೂಳು ಏಳುತ್ತದೆ. ಮೊದಲ ಗಂಟೆಯಲ್ಲೇ ಸ್ಪಿನ್ನರ್ ಕೈಗೆ ಚೆಂಡು ಬರುತ್ತದೆ. ಲಂಚ್ ಹೊತ್ತಿಗೆ ಸ್ಲಿಪ್, ಸಿಲ್ಲಿ ಪಾಯಿಂಟ್, ಶಾರ್ಟ್ ಲೆಗ್ ಫೀಲ್ಡರ್‌ಗಳೆಲ್ಲರೂ ಬ್ಯಾಟ್ಸ್‌ಮನ್ ಸುತ್ತ ನಿಂತಿರುತ್ತಾರೆ.

ಚೆಂಡು ಜಾಸ್ತಿ ತಿರುಗುತ್ತದೆ ಅನ್ನುವುದು ಈ ಪಿಚ್‌ನ ಒಂದು ಲಕ್ಷಣ ಅಷ್ಟೇ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಒಂದೇ ಕೈ, ಒಂದೇ ವೇಗ, ಒಂದೇ ಜಾಗಕ್ಕೆ ಹಾಕಿದ ಎರಡು ಚೆಂಡುಗಳಲ್ಲಿ ಒಂದು ಒಂದಡಿ ತಿರುಗುತ್ತದೆ, ಇನ್ನೊಂದು ನೆಟ್ಟಗೆ ನುಗ್ಗುತ್ತದೆ. ಹೊಲಿಗೆ ನೆಲಕ್ಕೆ ಕಚ್ಚಿದರೆ ತಿರುವು, ನುಣುಪು ಮೈ ತಾಗಿದರೆ ಜಾರು. ಎಷ್ಟೋ ಸಲ ಬೌಲರ್‌ಗೂ ಯಾವುದು ಹೇಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ಅವನಿಗೇ ಗೊತ್ತಿಲ್ಲದ್ದನ್ನು ಬ್ಯಾಟ್ಸ್‌ಮನ್ ಅವನ ಕೈ ನೋಡಿ ಹೇಗೆ ಓದುತ್ತಾನೆ, ಅಲ್ವಾ? 2021ರ ಫೆಬ್ರುವರಿಯಲ್ಲಿ ಅಹಮದಾಬಾದ್‌ನಲ್ಲಿ ಇಂಗ್ಲೆಂಡ್ ಎದುರು ನಡೆದ ಹಗಲು-ರಾತ್ರಿ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು. ಇಂಗ್ಲೆಂಡ್ 112 ಮತ್ತು 81. ಅಕ್ಷರ್ ಪಟೇಲ್‌ಗೆ 11 ವಿಕೆಟ್. ಆ ವಿಕೆಟ್‌ಗಳನ್ನು ಇನ್ನೊಮ್ಮೆ ನೋಡಿ. ಬ್ಯಾಟ್ಸ್‌ಮನ್‌ಗಳು ತಿರುವಿಗೆ ಆಡಿದರು, ಚೆಂಡು ನೇರ ಬಂದು ಪ್ಯಾಡಿಗೋ ಸ್ಟಂಪಿಗೋ ಬಡಿಯಿತು. ತಿರುಗಿದ ಚೆಂಡು ಹುಟ್ಟಿಸಿದ ಭಯಕ್ಕೆ ತಿರುಗದ ಚೆಂಡು ವಿಕೆಟ್ ತೆಗೆದುಕೊಂಡಿತು.

ಪಿಚ್ ಯಾಕೆ ಹೀಗೆ ಒಡೆಯುತ್ತದೆ ಅನ್ನುವುದನ್ನು ಕೋಲಾರದವರಿಗೆ ವಿವರಿಸುವುದು ಸುಲಭ. ನಮ್ಮ ಕಡೆ ಕ್ರಿಕೆಟ್ ಬೆಳೆದದ್ದೇ ಒಣಗಿದ ಕೆರೆಗಳ ಅಂಗಳದಲ್ಲಿ. ಬೇಸಿಗೆಯಲ್ಲಿ ಕೆರೆಯ ಮಣ್ಣು ಹಂಚಿನ ತುಂಡುಗಳ ಹಾಗೆ ಬಿರಿಯುತ್ತದೆ. ಒಂದು ಹೆಂಟೆ ಎತ್ತಿ ನೋಡಿ. ಇಟ್ಟಿಗೆಯಷ್ಟು ಗಟ್ಟಿ. ನೀರು ಹಾಕಿದರೆ ಬೆರಳಿಗೆ ಅಂಟುತ್ತದೆ. ಇದರಲ್ಲಿ ಜೇಡಿ ಜಾಸ್ತಿ. ಅದೇ ಏರಿ ದಾಟಿ ಹೊಲಕ್ಕೆ ಹೋಗಿ ಕೆಂಪು ಮಣ್ಣು ಹಿಡಿದರೆ ಬೆರಳ ಸಂದಿಯಲ್ಲೇ ಪುಡಿಯಾಗಿ ಉದುರುತ್ತದೆ. ಅದಕ್ಕೇ ರೈತರು ಕೆರೆ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದದ್ದು, ಹೊಲ ತೇವ ಹಿಡಿಯಲಿ ಅಂತ. ಹುಡುಗರು ಆಡುವ ಮೊದಲು ಅಂಗಳದಲ್ಲಿ ಒಂದು ಪಟ್ಟಿ ಆರಿಸಿ, ಬಿಂದಿಗೆಯಲ್ಲಿ ನೀರು ಚೆಲ್ಲಿ, ಬಿರುಕು ಮುಚ್ಚಿ, ತುಳಿದು, ಬಡಿದು ಗಟ್ಟಿ ಮಾಡುತ್ತಾರೆ. ನೀರು ಹಾಕದೆ ಹಾಗೇ ಆಡಿದರೆ ಹತ್ತೇ ಓವರಿಗೆ ಮೇಲ್ಪದರ ಎದ್ದು ಬರುತ್ತದೆ, ಟೆನಿಸ್ ಬಾಲ್ ಕೂಡ ಎತ್ತೆತ್ತಲೋ ಹೋಗುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಹರಿದ ಮೇಲೆ ಇಂಥ ಎಷ್ಟೋ ಮೈದಾನಗಳು ಮುಳುಗಿವೆ. ಆಡುವ ಹುಡುಗರಿಗೆ ಬದಲಿ ಜಾಗ ಸಿಗಬೇಕಿತ್ತು ಅನ್ನುವುದು ನನ್ನ ಆಸೆ. ಕೆರೆ ತುಂಬಿದ್ದಕ್ಕೆ ಮಾತ್ರ ಈ ಜಿಲ್ಲೆಯಲ್ಲಿ ಯಾರೂ ಬೇಸರ ಪಡುವುದಿಲ್ಲ.

ಟೆಸ್ಟ್ ಪಿಚ್ ಮಾಡುವುದರಲ್ಲೂ ಇದೇ ಲೆಕ್ಕ. 22 ಗಜದ ಆ ಪಟ್ಟಿಯ ಮೇಲ್ಪದರ ಜೇಡಿ ಮಣ್ಣಿನದು. ನೀರು ಕುಡಿಸಿ, ರೋಲರ್ ಎಳೆದು, ಬಿಸಿಲಿಗೆ ಒಣಗಲು ಬಿಟ್ಟು, ಮತ್ತೆ ನೀರು, ಮತ್ತೆ ರೋಲರ್. ಹೀಗೆ ಮಣ್ಣಿನ ಕಣಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಹುಲ್ಲಿನ ಬೇರು ಒಳಗಿಂದ ಅದನ್ನು ಹಿಡಿದಿಡುತ್ತದೆ. ರ್‍ಯಾಂಕ್ ಟರ್ನರ್ ಬೇಕು ಅಂದರೆ ಹೊಸದಾಗಿ ಏನನ್ನೂ ಸೇರಿಸಬೇಕಾಗಿಲ್ಲ. ಪಂದ್ಯಕ್ಕೆ ಕೆಲವು ದಿನ ಮೊದಲೇ ನೀರು ನಿಲ್ಲಿಸಿ, ಹುಲ್ಲು ಕೆರೆದು ತೆಗೆದು, ರೋಲರ್ ಕಡಿಮೆ ಮಾಡಿದರೆ ಸಾಕು. ಮೇಲಿನ ಹೊಪ್ಪಳೆ ಸಡಿಲವಾಗಿ ಕೂತಿರುತ್ತದೆ. ಮೊದಲ ಚೆಂಡು ಬಿದ್ದಾಗಿನಿಂದಲೇ ಏಳಲು ಶುರು.

ಮಣ್ಣಿನ ಬಣ್ಣವೂ ಇಲ್ಲಿ ಮುಖ್ಯ. ಮುಂಬೈನ ವಾಂಖೆಡೆಯಂಥ ಕೆಂಪು ಮಣ್ಣಿನ ಪಿಚ್‌ನಲ್ಲಿ ಚೆಂಡು ಚೆನ್ನಾಗಿ ಪುಟಿಯುತ್ತದೆ. ಒಣಗಿದರೆ ಬೇಗ ಒಡೆಯುತ್ತದೆ, ಆಗ ತಿರುವಿನ ಜೊತೆ ಪುಟಿತವೂ ಸೇರಿ ಚೆಂಡು ಗ್ಲೌಸಿಗೆ ಏಳುತ್ತದೆ. ಕಪ್ಪು ಮಣ್ಣು ತೇವವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಅಲ್ಲಿ ಚೆಂಡು ನಿಧಾನ, ತಗ್ಗು. ಇದರ ಮೇಲೆ ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡು. ಮೀರತ್‌ನಲ್ಲಿ ಕೈಯಲ್ಲೇ ಹೊಲಿದದ್ದು, ಹೊಲಿಗೆ ಎದ್ದು ನಿಂತಿರುತ್ತದೆ. ಸಡಿಲ ಮಣ್ಣಿಗೆ ಆ ಹೊಲಿಗೆ ಕಚ್ಚಿದರೆ ಮುಗೀತು.

ಇನ್ನು ಯಾರ ಪಾಲಿಗೆ ಅನ್ನುವ ಪ್ರಶ್ನೆ. 2012ರಲ್ಲಿ ಇಂಗ್ಲೆಂಡ್ ಬಂದಾಗ ಧೋನಿ ಮೊದಲ ದಿನದಿಂದಲೇ ತಿರುಗುವ ಪಿಚ್ ಬೇಕು ಎಂದು ಬಹಿರಂಗವಾಗಿ ಹೇಳಿದ್ದರು. ವಾಂಖೆಡೆಯಲ್ಲಿ ಅದು ಸಿಕ್ಕಿತು. ಭಾರತ ಮೂವರು ಸ್ಪಿನ್ನರ್‌ಗಳನ್ನು ಆಡಿಸಿತು. ಆ ಟೆಸ್ಟ್‌ನಲ್ಲಿ ಮಾಂಟಿ ಪನೇಸರ್ 11, ಗ್ರೇಮ್ ಸ್ವಾನ್ 8 ವಿಕೆಟ್ ತೆಗೆದರು, ಕೆವಿನ್ ಪೀಟರ್ಸನ್ 186 ಹೊಡೆದರು, ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಸರಣಿಯೂ 2-1ರಲ್ಲಿ ಅವರದಾಯಿತು. 2017ರಲ್ಲಿ ಪುಣೆ. ಆಸ್ಟ್ರೇಲಿಯಾದ ಸ್ಟೀವ್ ಓ’ಕೀಫ್ ಎರಡೂ ಇನಿಂಗ್ಸ್‌ನಲ್ಲಿ 35 ರನ್ನಿಗೆ 6 ವಿಕೆಟ್. ಭಾರತ 105 ಮತ್ತು 107. ಸೋಲಿನ ಅಂತರ 333 ರನ್. 2023ರಲ್ಲಿ ಇಂದೋರ್. ಆಸ್ಟ್ರೇಲಿಯಾದ ಮ್ಯಾಥ್ಯೂ ಕುನೆಮನ್ 16 ರನ್ನಿಗೆ 5, ಭಾರತ 109ಕ್ಕೆ ಆಲೌಟ್. ಎರಡನೇ ಇನಿಂಗ್ಸ್‌ನಲ್ಲಿ ನೇಥನ್ ಲಯನ್ 64ಕ್ಕೆ 8.

2024ರ ಪುಣೆ ಇವೆಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ನ್ಯೂಜಿಲೆಂಡ್‌ನ ಮಿಚೆಲ್ ಸ್ಯಾಂಟ್ನರ್ ಅಲ್ಲಿಯವರೆಗೆ ಟೆಸ್ಟ್ ಇನಿಂಗ್ಸ್ ಒಂದರಲ್ಲಿ 5 ವಿಕೆಟ್ ತೆಗೆದವರೇ ಅಲ್ಲ. ಆ ಒಂದು ಪಂದ್ಯದಲ್ಲಿ 13 ತೆಗೆದರು. ತವರಿನಲ್ಲಿ ಸತತ 18 ಸರಣಿ ಗೆದ್ದಿದ್ದ ಭಾರತದ ಓಟ ಅಲ್ಲಿಗೆ ನಿಂತಿತು. ಅಹಮದಾಬಾದ್‌ನ ಆ ಎರಡು ದಿನದ ಟೆಸ್ಟನ್ನು ಭಾರತ ಗೆದ್ದಿತು, ನಿಜ. ಆದರೆ ಅದೇ ಪಂದ್ಯದಲ್ಲಿ ಬ್ಯಾಟ್ಸ್‌ಮನ್ ಜೋ ರೂಟ್ 8 ರನ್ನಿಗೆ 5 ವಿಕೆಟ್ ತೆಗೆದರು. ಅರೆಕಾಲಿಕ ಬೌಲರ್‌ಗೆ ಇಂಥ ಅಂಕಿ ಬಂದರೆ ಅದರಲ್ಲಿ ಪಿಚ್‌ನ ಪಾಲು ಎಷ್ಟಿರಬಹುದು ಲೆಕ್ಕ ಹಾಕಿ.

ಕಾರಣ ಗುಟ್ಟಿನದೇನಲ್ಲ. ಒಳ್ಳೆಯ ಪಿಚ್‌ನಲ್ಲಿ ವಿಕೆಟ್ ಬೇಕೆಂದರೆ ಸ್ಪಿನ್ನರ್‌ಗೆ ನೂರು ವಿದ್ಯೆ ಬೇಕು. ಚೆಂಡನ್ನು ಗಾಳಿಯಲ್ಲಿ ತೇಲಿಸಬೇಕು, ವೇಗ ಬದಲಿಸಬೇಕು, ಬ್ಯಾಟ್ಸ್‌ಮನ್‌ನನ್ನು ಅರ್ಧ ದಿನ ಕಾಯಿಸಿ ತಪ್ಪು ಮಾಡಿಸಬೇಕು. ಅಶ್ವಿನ್, ಜಡೇಜ ಅದನ್ನು ವರ್ಷಗಟ್ಟಲೆ ಮಾಡಿದರು. ಪ್ರವಾಸಿ ತಂಡದ ಎರಡನೇ ಸ್ಪಿನ್ನರ್‌ಗೆ ಅದು ಬರುವುದಿಲ್ಲ. ರ್‍ಯಾಂಕ್ ಟರ್ನರ್‌ನಲ್ಲಿ ಅವನಿಗೆ ಅದು ಬೇಕಾಗಿಯೂ ಇಲ್ಲ. ಸ್ವಲ್ಪ ಜೋರಾಗಿ, ಸ್ಟಂಪ್ ನೇರಕ್ಕೆ, ಒಂದೇ ಜಾಗಕ್ಕೆ ಸುಮ್ನೆ ಹಾಕುತ್ತಾ ಹೋದರೆ ಉಳಿದದ್ದನ್ನು ಪಿಚ್ ನೋಡಿಕೊಳ್ಳುತ್ತದೆ. ಭಾರತದ ಸ್ಪಿನ್ನರ್‌ಗೂ ಹೊರಗಿನವನಿಗೂ ಇದ್ದ ಅಂತರ ಅಲ್ಲಿ ಕರಗಿಹೋಗುತ್ತದೆ. ಟಾಸ್ ಗೆದ್ದವರ ಕೈ ಮೇಲಾಗುತ್ತದೆ. ಪಂದ್ಯವೂ ಎಷ್ಟು ಚಿಕ್ಕದಾಗುತ್ತದೆ ಎಂದರೆ ಬಲವಾದ ತಂಡಕ್ಕೆ ಒಂದು ಕೆಟ್ಟ ಗಂಟೆಯನ್ನು ಸರಿಪಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ಇದೇನು ಹೊಸದಲ್ಲ. 1987ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಬೆಂಗಳೂರಿನಲ್ಲೇ, ಚಿನ್ನಸ್ವಾಮಿ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ಕೊನೆಯ ಟೆಸ್ಟ್. ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ತೆಗೆದು ಪಾಕಿಸ್ತಾನವನ್ನು 116ಕ್ಕೆ ಮುಗಿಸಿದರು. ಆಟ ಅಲ್ಲಿಗೇ ನಮ್ಮದಾಯಿತು ಅನ್ನುವ ಹಾಗಿತ್ತು. ಭಾರತ 145ಕ್ಕೆ ಉರುಳಿತು. ಇಕ್ಬಾಲ್ ಕಾಸಿಂ, ತೌಸೀಫ್ ಅಹ್ಮದ್ ಇಬ್ಬರೂ ಪಂದ್ಯದಲ್ಲಿ ತಲಾ 9 ವಿಕೆಟ್ ತೆಗೆದರು. ಕೊನೆಗೆ 221 ಬೆನ್ನಟ್ಟುವಾಗ ಗವಾಸ್ಕರ್ 96 ಹೊಡೆದರು. ಪುಟಿದೇಳುವ, ತಗ್ಗಿ ನುಗ್ಗುವ ಚೆಂಡುಗಳ ನಡುವೆ ಆಡಿದ ಆ ಇನಿಂಗ್ಸ್ ಅವರ ಕೊನೆಯ ಟೆಸ್ಟ್ ಇನಿಂಗ್ಸ್ ಆಯಿತು. ಭಾರತ 16 ರನ್ನಿನಿಂದ ಸೋತಿತು. ಇಂಥ ಪಿಚ್‌ನಲ್ಲಿ ಹೇಗೆ ಆಡಬೇಕು ಅಂತ ಯಾರಾದರೂ ಕೇಳಿದರೆ ಇಂದಿಗೂ ತೋರಿಸಬೇಕಾದ ಇನಿಂಗ್ಸ್ ಅದು. ಚೆಂಡನ್ನು ಕೊನೆಯ ಕ್ಷಣದವರೆಗೆ ಬರಗೊಟ್ಟು, ಕೈ ಸಡಿಲ ಬಿಟ್ಟು, ಕಣ್ಣ ಕೆಳಗೇ ಆಡುವುದು.

ಇದರ ಎದುರು 2016ರ ಚೆನ್ನೈ ಇಟ್ಟು ನೋಡಿ. ಇಂಗ್ಲೆಂಡ್ ಮೊದಲು ಬ್ಯಾಟ್ ಮಾಡಿ 477 ಹೊಡೆಯಿತು. ಅಂದರೆ ಪಿಚ್ ಚೆನ್ನಾಗಿತ್ತು. ಭಾರತ 7 ವಿಕೆಟಿಗೆ 759. ನಮ್ಮ ಕರುಣ್ ನಾಯರ್ ಔಟಾಗದೆ 303, ನಮ್ಮ ಕೆ.ಎಲ್. ರಾಹುಲ್ 199. ಒಂದೇ ಇನಿಂಗ್ಸ್‌ನಲ್ಲಿ ಕರ್ನಾಟಕದ ಇಬ್ಬರು ಸೇರಿ 500 ದಾಟಿದ ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಐದನೇ ದಿನ ಇಂಗ್ಲೆಂಡ್ ವಿಕೆಟ್ ನಷ್ಟವಿಲ್ಲದೆ 103 ರಲ್ಲಿತ್ತು. ಡ್ರಾ ಖಾತ್ರಿ ಅನ್ನಿಸಿತ್ತು. 207ಕ್ಕೆ ಆಲೌಟ್. ಜಡೇಜ 48ಕ್ಕೆ 7. ಪಿಚ್ ನಿಧಾನವಾಗಿ ಸವೆಯಿತು, ಅಷ್ಟು ಹೊತ್ತಿಗೆ ಎದುರಾಳಿಯ ಕಾಲು ಸೋತಿತ್ತು, ಒಳ್ಳೆಯ ಸ್ಪಿನ್ನರ್ ತನ್ನ ಕೆಲಸ ಮಾಡಿದ. ಭಾರತಕ್ಕೆ ನಿಜವಾಗಿ ಲಾಭ ತರುವ ಪಿಚ್ ಇದು ಎಂದು ನಾನು ನಂಬುತ್ತೇನೆ.

ಹಾಗಿದ್ದರೂ ಯಾಕೆ ಮತ್ತೆ ಮತ್ತೆ ಒಣ ಪಿಚ್? ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಗೆಲುವಿಗೆ 12 ಅಂಕ, ಡ್ರಾಗೆ 4. ತವರಿನಲ್ಲಿ ಡ್ರಾ ಆದರೆ ಸೋತಷ್ಟೇ ಸಂಕಟ. ಫಲಿತಾಂಶ ಖಂಡಿತ ಬೇಕು ಅನ್ನುವ ಒತ್ತಡ ಅಲ್ಲಿಂದ ಬರುತ್ತದೆ. ಐಸಿಸಿ ಪಿಚ್‌ಗೆ ದರ್ಜೆ ಕೊಟ್ಟು ಕೆಟ್ಟದ್ದಕ್ಕೆ ಡಿಮೆರಿಟ್ ಅಂಕ, ಅಂದರೆ ದಂಡದ ಅಂಕ, ಹಾಕುತ್ತದೆ. ಇಂದೋರ್‌ಗೆ ಮೊದಲು 3 ಬಿದ್ದವು, ಮೇಲ್ಮನವಿಯ ನಂತರ 1ಕ್ಕೆ ಇಳಿಯಿತು.

ಎಲ್ಲ ಸೋಲನ್ನೂ ರ್‍ಯಾಂಕ್ ಟರ್ನರ್ ತಲೆಗೆ ಕಟ್ಟಬೇಡಿ. 2024ರಲ್ಲಿ ಬೆಂಗಳೂರಿನಲ್ಲಿ ಭಾರತ 46ಕ್ಕೆ ಆಲೌಟ್ ಆದದ್ದು ಮೋಡ, ತೇವ ಮತ್ತು ವೇಗದ ಬೌಲಿಂಗ್‌ಗೆ. 2025ರ ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ದಕ್ಷಿಣ ಆಫ್ರಿಕಾ 489 ಹೊಡೆದ ಪಿಚ್ ಕೂಡ ರ್‍ಯಾಂಕ್ ಟರ್ನರ್ ಅಲ್ಲ. ಅಲ್ಲಿ ನಾವು 408 ರನ್ನಿನಿಂದ ಸೋತದ್ದು ಅವರು ಚೆನ್ನಾಗಿ ಆಡಿದ್ದಕ್ಕೆ.

ಮುಂದಿನ ಸರಣಿಯಲ್ಲಿ ಪಿಚ್ ಹೇಗಿದೆ ಅಂತ ನೀವೇ ಗುರುತಿಸಬೇಕಾದರೆ ಮೊದಲ ದಿನದ ಮೊದಲ ಗಂಟೆ ಟಿವಿ ಮುಂದೆ ಕೂರಿ. ವೇಗದ ಬೌಲರ್‌ನ ಚೆಂಡು ಬಿದ್ದಾಗಲೂ ಧೂಳು ಎದ್ದರೆ ಅರ್ಧ ಉತ್ತರ ಸಿಕ್ಕಿತು. ಕೀಪರ್ ಸ್ಪಿನ್ನರ್‌ಗೆ ಮೊಣಕಾಲ ಮಟ್ಟದಲ್ಲಿ ಒಂದು ಚೆಂಡು, ಎದೆಯ ಮಟ್ಟದಲ್ಲಿ ಇನ್ನೊಂದು ಹಿಡಿಯುತ್ತಿದ್ದರೆ ಉಳಿದರ್ಧವೂ ಸಿಕ್ಕಿತು. ಪಂದ್ಯದ ಎರಡನೇ ಇನಿಂಗ್ಸ್‌ನಿಂದ ಮುಂದೆ, ಪ್ರತಿ ಇನಿಂಗ್ಸ್ ಶುರುವಾಗುವ ಮುಂಚೆ ಬ್ಯಾಟಿಂಗ್ ನಾಯಕ ಯಾವ ರೋಲರ್ ಕೇಳಿದ ನೋಡಿ. 7 ನಿಮಿಷ ಮಾತ್ರ ಎಳೆಯಬಹುದು. ಪಿಚ್ ಒಡೆಯುತ್ತದೆ ಅನ್ನುವ ಭಯವಿದ್ದರೆ ಭಾರದ ರೋಲರ್ ಹತ್ತಿರವೂ ಹೋಗುವುದಿಲ್ಲ. ನಾಲ್ಕನೇ ಇನಿಂಗ್ಸ್‌ನ ಗುರಿ ಚಿಕ್ಕದು ಅಂತ ಟಿವಿ ಆರಿಸಿ ಏಳಬೇಡಿ. 2024ರಲ್ಲಿ ಮುಂಬೈಯಲ್ಲಿ ಭಾರತಕ್ಕೆ ಬೇಕಿದ್ದದ್ದು 147, ಮಾಡಿದ್ದು 121. 2025ರಲ್ಲಿ ಕೋಲ್ಕತ್ತದಲ್ಲಿ ಬೇಕಿದ್ದದ್ದು 124, ಮಾಡಿದ್ದು 93.