ನಿಮ್ಮ ಹಳೆಯ ಪಂಪು ಬೇರೆ, ಇಂದಿನ ಹಳೆಯ ಪಂಪು ಬೇರೆ

ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಂತೆ ಹಾಸನದ ನನ್ನ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳು ಸಾಲುಗಟ್ಟುತ್ತವೆ. ಅರಸೀಕೆರೆಯ ತೆಂಗಿನ ತೋಟದಿಂದ ಒಂದು, ಆಲೂರಿನ ಶುಂಠಿ ಹೊಲದಿಂದ ಒಂದು. ಹೂಮಳೆ ಕೈಕೊಟ್ಟ ವರ್ಷವಾದರೆ ಸಕಲೇಶಪುರದ ಕಾಫಿ ತೋಟಗಳಿಂದಲೂ ಎರಡು ಮೂರು. ಈಚೆಗೆ ಸುಟ್ಟ ಮೋಟಾರಿನ ಜೊತೆಗೆ ಮಾಲೀಕರ ಜೇಬಿನಲ್ಲಿ ಮಡಚಿಟ್ಟ ಬಣ್ಣದ ಕರಪತ್ರವೂ ಬರುತ್ತದೆ. ಮೋಟಾರನ್ನು ನೆಲಕ್ಕಿಳಿಸಿದ ಮೇಲೆ ಕರಪತ್ರ ಬಿಚ್ಚಿ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಮತ್ತೆ ವೈಂಡಿಂಗ್ ಮಾಡಿಸಬೇಕೋ, ಗುಜರಿಗೆ ಹಾಕಿ ಸೋಲಾರ್ ಪಂಪು ಕೂರಿಸಬೇಕೋ?"

ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಪ್ರಶ್ನೆ ಸರಿಯಾದದ್ದೇ. ಅವರು ತೂಗುವ ರೀತಿ ನೋಡಿದಾಗ ಮಾತ್ರ ನನಗೆ ತಡೆದುಕೊಳ್ಳಲಾಗುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಈ ವರ್ಷ ಕಾರ್ಖಾನೆಯಿಂದ ಹೊರಬಿದ್ದ ಹೊಸ ಬಗೆಯ ಯಂತ್ರವನ್ನು ಇಡುತ್ತಾರೆ. ಇನ್ನೊಂದರಲ್ಲಿ ಇಪ್ಪತ್ತು ವರ್ಷ ಕೆಸರು ನೀರು ಕುಡಿದು, ಐದು ಸಲ ಸುಟ್ಟು, ಐದು ಸಲ ತಂತಿ ಕಟ್ಟಿಸಿಕೊಂಡ ತಮ್ಮದೇ ಪಂಪನ್ನು ಇಡುತ್ತಾರೆ. ಹೊಸದು ಗೆಲ್ಲದೆ ಇನ್ನೇನಾದೀತು? ಹಲ್ಲುದುರಿದ ಎತ್ತನ್ನು ಹೊಸ ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿ, ಎತ್ತಿನ ಜಾತಿಯೇ ಕೆಲಸಕ್ಕೆ ಬಾರದು ಎಂದು ತೀರ್ಮಾನಿಸಿದಂತೆ ಇದು.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ. ನಿಮ್ಮ ಮುಂದಿರುವುದು ಮೂರು ಯಂತ್ರಗಳು. ಮೊದಲನೆಯದು ನಿಮ್ಮ ಬಾವಿಯಲ್ಲಿರುವುದು. ಎರಡನೆಯದು ಅದೇ ಜಾತಿಯದು, ಆದರೆ ಇವತ್ತು ಅಂಗಡಿಯಲ್ಲಿ ಸಿಗುವುದು. ಮೂರನೆಯದು ಹೊಸ ಜಾತಿಯದು. ಬಂದವರೆಲ್ಲರೂ ಮೊದಲನೆಯದನ್ನು ಮೂರನೆಯದರ ಜೊತೆ ಹೋಲಿಸುತ್ತಾರೆ. ಎರಡನೆಯದರ ಹೆಸರನ್ನೇ ಎತ್ತುವುದಿಲ್ಲ. ನೀವು ನಿಮ್ಮ ಪಂಪನ್ನು ಕೊಂಡ ದಿನ ಆ ಜಾತಿಯ ಬೆಳವಣಿಗೆ ನಿಂತುಹೋಯಿತು ಎಂಬ ಭಾವನೆ ಅವರದು. ಅದು ನಿಂತಿಲ್ಲ. ಮೂರನೆಯದು ಬಂದ ಮೇಲಂತೂ ಎರಡನೆಯದರ ಓಟ ಜೋರಾಗಿದೆ.

ಕಳೆದ ವರ್ಷ ಆಲೂರು ಕಡೆಯ ಗೌಡರೊಬ್ಬರು ಬಂದಿದ್ದರು. ಜೊತೆಗೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಮಗ. ಕೆರೆಯ ದಂಡೆಯ ಬಾವಿಯಿಂದ ತೋಟದ ನೆತ್ತಿಗೆ 20 ಮೀಟರ್ ಎತ್ತರ ನೀರು ಹತ್ತಬೇಕು. ಇರುವುದು 5 ಎಚ್‌ಪಿ ಮೊನೊಬ್ಲಾಕ್, ಅಂದರೆ ಪಂಪು, ಮೋಟಾರು ಎರಡೂ ಒಂದೇ ಒಡಲಿನಲ್ಲಿರುವ ಯಂತ್ರ. ಅದರೊಳಗಿರುವುದು ಎಲ್ಲ ಕಡೆ ಕಾಣುವ ಮಾಮೂಲಿ ಇಂಡಕ್ಷನ್ ಮೋಟಾರು. "ಇದು ಮುಗಿಯಿತು ಅಂಕಲ್, ಇಂಡಕ್ಷನ್ ಮೋಟಾರಿನ ಕಾಲವೇ ಮುಗಿಯಿತು" ಎಂದ ಹುಡುಗ. ನಾನು ವಾದಕ್ಕೆ ಹೋಗಲಿಲ್ಲ. ಮರುದಿನ 200 ಲೀಟರಿನ ಡ್ರಮ್ಮು, ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರು ಹಿಡಿದು ಅವರ ತೋಟಕ್ಕೆ ಹೋದೆ.

ಡ್ರಮ್ಮು ತುಂಬಲು 50 ಸೆಕೆಂಡು ಹಿಡಿಯಿತು. ಅಂದರೆ ಸೆಕೆಂಡಿಗೆ 4 ಲೀಟರ್. ನಾಲ್ಕು ಲೀಟರ್ ನೀರನ್ನು ಸೆಕೆಂಡಿಗೊಮ್ಮೆ 20 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 785 ವ್ಯಾಟ್. ಲೈನಿನಿಂದ ಮೋಟಾರು ಎಳೆಯುತ್ತಿದ್ದದ್ದು 4,100 ವ್ಯಾಟಿಗೂ ಮೇಲೆ. ನೂರು ರೂಪಾಯಿ ಕೊಟ್ಟು ಹತ್ತೊಂಬತ್ತು ರೂಪಾಯಿಯ ಸಾಮಾನು ತಂದಂತಾಯಿತು. ಹುಡುಗನ ಮುಖ ಅರಳಿತು, ತನ್ನ ಮಾತು ಗೆದ್ದಿತೆಂದು.

ಆ ಎಂಬತ್ತೊಂದು ಎಲ್ಲಿ ಸೋರಿತು ಎಂದು ಹುಡುಕತೊಡಗಿದೆವು. ಬಾವಿಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನ ಜಾಲರಿಗೆ ಪಾಚಿ ಮೆತ್ತಿತ್ತು. ನೀರನ್ನು ತಳ್ಳುವ ಚಕ್ರ, ಇಂಪೆಲ್ಲರಿನ ಅಂಚು ಮರಳಿಗೆ ಸವೆದು ಬ್ಲೇಡಿನಂತಾಗಿತ್ತು. ಐನೂರು ಅಡಿ ಉದ್ದದ ಲೈನು ಎರಡಿಂಚಿನ ಹಳೆಯ ಕಬ್ಬಿಣದ ಪೈಪು. ಒಳಗೆಲ್ಲ ತುಕ್ಕಿನ ಗಂಟು. ನೀರು ಗುಡ್ಡ ಹತ್ತುವುದಕ್ಕೆ ಪಡುವಷ್ಟೇ ಕಷ್ಟವನ್ನು ಆ ಪೈಪಿನ ಗೋಡೆಗೆ ಉಜ್ಜಿಕೊಳ್ಳುವುದರಲ್ಲೇ ಪಡುತ್ತಿತ್ತು. ಇನ್ನು ಮೋಟಾರು. ಸುಟ್ಟ ತಂತಿಯನ್ನು ಕೀಳಲು ಕೆಲವು ಕಡೆ ಸ್ಟೇಟರಿಗೆ, ಅಂದರೆ ತಂತಿ ಸುತ್ತಿದ ತಿರುಗದ ಭಾಗಕ್ಕೆ, ಬೆಂಕಿ ಹಾಕುತ್ತಾರೆ. ತಂತಿ ಸುಲಭವಾಗಿ ಬರುತ್ತದೆ ನಿಜ, ಆದರೆ ಒಳಗಿನ ತೆಳು ಉಕ್ಕಿನ ಹಾಳೆಗಳ ನಡುವಿನ ವಾರ್ನಿಷ್ ಪದರವೂ ಸುಟ್ಟುಹೋಗುತ್ತದೆ. ಆಮೇಲೆ ಆ ಹಾಳೆಗಳು ಒಂದಕ್ಕೊಂದು ತಾಗಿ, ಹರಿಯಬಾರದ ಕರೆಂಟು ಹರಿದು, ಬರಿಯ ಬಿಸಿಯಾಗುತ್ತವೆ. ಐದು ಸಲ ಹಾಗೆ ಬೆಂದ ಮೋಟಾರು ನೀವು ಕೊಂಡ ಮೋಟಾರಾಗಿ ಉಳಿದಿರುವುದಿಲ್ಲ. ಈ ತಪ್ಪುಗಳಲ್ಲಿ ಒಂದನ್ನಾದರೂ ಇಂಡಕ್ಷನ್ ಮೋಟಾರಿನ ತಲೆಗೆ ಕಟ್ಟಲು ಬರುವುದಿಲ್ಲ.

ಇದು ಪಂಪಿಗೆ ಮಾತ್ರ ಅಂಟಿದ ಕತೆಯೂ ಅಲ್ಲ. ನನ್ನ ಅಂಗಡಿಯ ಅಟ್ಟದ ಮೇಲೆ ತಂದೆಯವರ ಕಾಲದ ಒಂದು ಪೆಟ್ರೋಮ್ಯಾಕ್ಸ್ ದೀಪ ಇದೆ. ಮದುವೆಯ ದಿಬ್ಬಣ, ಊರ ಜಾತ್ರೆ, ನಾಟಕ ಎಂದರೆ ಅದನ್ನು ಬಾಡಿಗೆಗೆ ಒಯ್ಯುತ್ತಿದ್ದರು. ಅದಕ್ಕೆ ಹೊಸ ಮ್ಯಾಂಟಲ್ ಕಟ್ಟುವುದನ್ನು ಚಿಕ್ಕವನಿದ್ದಾಗ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬಲೆಯಂಥ ಬಿಳಿ ಬಟ್ಟೆಯ ಪುಟ್ಟ ಚೀಲ. ಕೊರಳಿಗೆ ದಾರ ಬಿಗಿದು ಬೆಂಕಿ ಮುಟ್ಟಿಸಿದರೆ ಬಟ್ಟೆ ಉರಿದು, ಕುಗ್ಗಿ, ಬೂದಿಯ ಗೂಡಾಗುತ್ತಿತ್ತು. ಪಂಪು ಹೊಡೆದಂತೆಲ್ಲ ಆ ಬೂದಿಯೇ ಕಣ್ಣು ಕೋರೈಸುವಂತೆ ಬೆಳಗುತ್ತಿತ್ತು. ಬೆರಳು ತಾಗಿದರೆ ಪುಡಿ.

ಆ ಬೂದಿಯ ಗೂಡಿನ ಚರಿತ್ರೆ ನನ್ನ ಗಿರಾಕಿಗಳೆಲ್ಲ ತಿಳಿದಿರಬೇಕಾದದ್ದು. 1878ರಲ್ಲಿ ಎಡಿಸನ್ ತಾನು ವಿದ್ಯುತ್ ದೀಪ ತರುವುದಾಗಿ ಸಾರಿದಾಗ, ದೀಪ ಉರಿಯುವ ಮೊದಲೇ ಲಂಡನ್ನಿನ ಗ್ಯಾಸ್ ಕಂಪನಿಗಳ ಷೇರುಗಳು ಕುಸಿದವು. 1879ರಲ್ಲಿ ಬಲ್ಬು ಉರಿಯಿತು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾಯಿತು. ಅಲ್ಲಿಯವರೆಗೆ ಗ್ಯಾಸ್ ದೀಪವೆಂದರೆ ತೆರೆದ ಹಳದಿ ಜ್ವಾಲೆ. ಜ್ವಾಲೆಯೊಳಗಿನ ಮಸಿಯ ಕಣಗಳು ಕಾದು ಕೊಡುತ್ತಿದ್ದ ಬೆಳಕು. ದಶಕಗಳ ಕಾಲ ಅಷ್ಟೇ ಸಾಕೆಂದು ಇದ್ದರು. ಆಸ್ಟ್ರಿಯದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮ್ಯಾಂಟಲಿಗೆ ಪೇಟೆಂಟ್ ಪಡೆದ. ಮೊದಲಿನದು ಹಸಿರು ಬೆಳಕಿನ, ಬಾಳಿಕೆಯಿಲ್ಲದ ವಸ್ತು, ವ್ಯಾಪಾರ ಮುಳುಗಿತು. ಅವನು ಬಿಡಲಿಲ್ಲ. 1891ರಲ್ಲಿ ಶೇ 99ರಷ್ಟು ಥೋರಿಯಂ ಆಕ್ಸೈಡಿಗೆ ಶೇ 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದ ಮ್ಯಾಂಟಲ್ ತಂದಾಗ, ಸಾಯಲಿದೆ ಎಂದುಕೊಂಡಿದ್ದ ಗ್ಯಾಸ್ ದೀಪ ಎದ್ದು ಕುಳಿತಿತು. ಎಷ್ಟೋ ನಗರಗಳ ಬೀದಿಗಳಲ್ಲಿ ಅದು ಇನ್ನೂ ಕೆಲವು ದಶಕ ಬಾಳಿತು.

ಆವರ್ ಹುಡುಕುತ್ತಿದ್ದದ್ದು ಅಪರೂಪದ ಲೋಹಗಳ ಗುಣವನ್ನು. ಎಡಿಸನ್‌ಗೆ ಉತ್ತರ ಕೊಡಲೆಂದು ಅವನು ಹೊರಟಿರಲಿಲ್ಲ. ಆದರೆ ಗ್ಯಾಸಿನವರು ಆ ಬೂದಿಯ ಗೂಡನ್ನು ಅಷ್ಟು ಆತುರದಿಂದ ಬರಮಾಡಿಕೊಂಡದ್ದರ ಹಿಂದೆ ಬಲ್ಬಿನ ಭಯ ಖಂಡಿತ ಇತ್ತು. ಹೊಸದರ ಭಯ ಇಲ್ಲದಿದ್ದರೆ ಹಳೆಯದರ ಸೋರಿಕೆಯನ್ನು ಯಾರೂ ಅಳೆಯಲು ಹೋಗುವುದಿಲ್ಲ. ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯ. ಅದೇ ಆವರ್ 1898ರಲ್ಲಿ ಆಸ್ಮಿಯಂ ತಂತಿಯ ವಿದ್ಯುತ್ ಬಲ್ಬನ್ನೂ ಮಾಡಿದ. ಇಂಗಾಲದ ಎಳೆಯಿದ್ದ ಬಲ್ಬಿಗೆ ಲೋಹದ ತಂತಿ ಬಂದದ್ದು ಹಾಗೆ. ಸುಧಾರಿಸಿದ ಹಳೆಯದು ಹೊಸದನ್ನೂ ಕೂರಲು ಬಿಡಲಿಲ್ಲ.

ಹೊಸದು ಬಂದಾಗ ಹಳೆಯದು ಚುರುಕಾಗುವ ಈ ಗುಣಕ್ಕೆ ವಿದ್ವಾಂಸರು ಹಾಯಿಹಡಗಿನ ಹೆಸರಿಟ್ಟಿದ್ದಾರೆ. ಉಗಿಹಡಗುಗಳು ಬಂದ ಮೇಲೆ ಹಾಯಿಹಡಗುಗಳ ಒಡಲು ಕಬ್ಬಿಣದ್ದಾಯಿತು, ಹಗ್ಗದ ಜಾಗಕ್ಕೆ ಉಕ್ಕಿನ ತಂತಿ ಬಂತು. ಹಾಯಿ ಎತ್ತಲು ಸಣ್ಣ ಉಗಿಯಂತ್ರವನ್ನೇ ಹತ್ತಿಸಿಕೊಂಡು ಆಳುಗಳನ್ನು ಕಡಿಮೆ ಮಾಡಿದವು. ಶತ್ರುವಿನ ಅಸ್ತ್ರವನ್ನೇ ಸಾಲ ಪಡೆದ ಹಾಗೆ. ಹಾಯಿಹಡಗು ಸುಧಾರಿಸಿದ್ದಕ್ಕೆ ಉಗಿಯೊಂದೇ ಕಾರಣವೆಂದು ಒಪ್ಪದ ಇತಿಹಾಸಕಾರರೂ ಇದ್ದಾರೆ. ಅವರ ವಾದದಲ್ಲಿ ತೂಕವಿದೆ ಎಂದೇ ನನಗೆ ಅನ್ನಿಸುತ್ತದೆ.

ಈಗ ನಮ್ಮ ಮನೆಯೊಳಗೆ ಬನ್ನಿ. ತಲೆಯ ಮೇಲೆ ತಿರುಗುವ ಹಳೆಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತಿತ್ತು. 30 ವ್ಯಾಟಿನ ಆಸುಪಾಸಿನಲ್ಲಿ ಓಡುವ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು ಬಂದ ಮೇಲೆ, 50 ವ್ಯಾಟಿನ ಸಾಮಾನ್ಯ ಫ್ಯಾನುಗಳು ಅಂಗಡಿಗಳಲ್ಲಿ ಸಲೀಸಾಗಿ ಸಿಗತೊಡಗಿದವು. 2023ರ ಜನವರಿಯಿಂದ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾದದ್ದೂ ಇದಕ್ಕೆ ಕಾರಣ; ಭಯದ ಜೊತೆಗೆ ಕಾನೂನೂ ತಳ್ಳಬೇಕಾಗುತ್ತದೆ. ಇಂಡಕ್ಷನ್ ಮೋಟಾರುಗಳ ವಿಷಯವೂ ಹಾಗೆಯೇ. ಸಂಶೋಧಕ ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ ಅದೇ ತತ್ತ್ವ ಇಂದಿಗೂ ನಡೆಯುತ್ತಿದೆ. ಆದರೆ 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂದು ಐಇ1, ಐಇ2, ಐಇ3 ಎಂದು ದಕ್ಷತೆಯ ದರ್ಜೆ ಕಟ್ಟಿದ ಮೇಲೆ (ಅಂಕಿ ಹೆಚ್ಚಿದಷ್ಟೂ ಸೋರಿಕೆ ಕಡಿಮೆ), ಒಳ್ಳೆಯ ಉಕ್ಕಿನ ಹಾಳೆ, ಹೆಚ್ಚು ತಾಮ್ರ, ಸಲೀಸಾಗಿ ತಿರುಗುವ ಬೇರಿಂಗುಗಳ ಪೈಪೋಟಿ ನಡೆದಿದೆ. ಫಲಕದ ಮೇಲೆ ಆ ದರ್ಜೆ ಅಚ್ಚಾಗಿರುತ್ತದೆ. ದಯವಿಟ್ಟು ಓದಿ ಕೊಳ್ಳಿ. ಬಣ್ಣ ನೋಡಿ ಕೊಳ್ಳುವವರು ಇನ್ನೂ ಇದ್ದಾರೆ.

ಸಾಲ ಪಡೆಯುವುದೂ ನಡೆದಿದೆ. ಸಿಮ್ ಹಾಕಿದ ಸ್ಟಾರ್ಟರು ಬಂದ ಮೇಲೆ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂದರೆ ರೈತ ಬ್ಯಾಟರಿ ಹಿಡಿದು, ಹಾವು ಹುಳುವಿನ ನಡುವೆ ಬಾವಿಗೆ ನಡೆಯಬೇಕಾಗಿಲ್ಲ. ಹಾಸಿಗೆಯಿಂದಲೇ ಮೊಬೈಲಿನಲ್ಲಿ ಚಾಲು ಮಾಡುತ್ತಾನೆ. ಒಬ್ಬ ತಾಯಿ ನನ್ನ ಅಂಗಡಿಗೆ ಬಂದು, ಮಗನಿಗೆ ಅದನ್ನು ಹಾಕಿಸಿದ ಮೇಲೆ ನನಗೆ ನಿದ್ದೆ ಬರುತ್ತಿದೆ ಎಂದು ಹೇಳಿ ಹೋದರು. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಂಬಳ ಅದು. ಅವರ ಪಂಪು ಹಳೆಯ ಜಾತಿಯದೇ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದಕ್ಕೇ ಅಂಟಿಕೊಳ್ಳಿ ಎಂದೆ ಎಂದು ಯಾರೂ ತಿಳಿಯಬಾರದು. ಅಜ್ಜನ ಕಾಲದ ಮೋಟಾರು ಗಟ್ಟಿ, ಈಗಿನದೆಲ್ಲ ತಗಡು ಎಂದು ಎದೆ ತಟ್ಟುವವರೂ ಬರುತ್ತಾರೆ. ಅವರ ಜೊತೆಗೂ ನನಗೆ ಅಷ್ಟೇ ಜಗಳ. ಗ್ಯಾಸ್ ದೀಪ ಕೊನೆಗೂ ಹೋಯಿತು, ಹಾಯಿಹಡಗೂ ಹೋಯಿತು. ಹಳೆಯದರ ಸುಧಾರಣೆ ಸರಳವಾಗಿರುವವರೆಗೆ ಅದಕ್ಕೆ ಆಯುಸ್ಸಿದೆ. ಒಂದೊಂದು ಗುಟುಕು ಲಾಭಕ್ಕೂ ಹತ್ತು ಹೊಸ ಭಾಗ ಸೇರಿಸಬೇಕಾಗಿ ಬಂದಾಗ ಎಚ್ಚರವಾಗಬೇಕು ಎಂಬುದು ನನ್ನ ಅನುಭವ. 1980ರ ದಶಕದ ವಿದೇಶಿ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರುಗಳಿಗೆ ಹೊಗೆಯ ಕಾನೂನು ಪಾಲಿಸಲು ಸೆನ್ಸರು, ಸೊಲೆನಾಯ್ಡ್, ರಬ್ಬರು ಕೊಳವೆಗಳ ಕಾಡೇ ಬೆಳೆಯಿತು. ಅಷ್ಟಾದರೂ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಅದನ್ನು ನುಂಗಿತು. 2020ರ ಏಪ್ರಿಲಿನಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ನಮ್ಮ ಬೈಕುಗಳಿಂದಲೂ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು.

ಸೋಲಾರ್ ಪಂಪಿನ ಬಗ್ಗೆ ನನಗೆ ಗೌರವವಿದೆ. ಕಂಬ ಹೋಗದ ತೋಟಕ್ಕೆ, ಹಗಲು ಕರೆಂಟಿಲ್ಲದ ಊರಿಗೆ ನಾನೇ ಮುಂದೆ ನಿಂತು ಹಾಕಿಸಿದ್ದೇನೆ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯ ಸಹಾಯಧನವೂ ಅದಕ್ಕೆ ಸಿಗುತ್ತ ಬಂದಿದೆ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮಗಳನ್ನು ಕಚೇರಿಯಲ್ಲೇ ವಿಚಾರಿಸಿ. ಆದರೆ ಬಾವಿಯಿಂದ ಬಾವಿಗೆ ಲೆಕ್ಕ ಬೇರೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತವಾಗಿರುವುದರಿಂದ ಬಿಲ್ಲು ಯಾರಿಗೂ ಚುಚ್ಚುವುದಿಲ್ಲ. ಚುಚ್ಚದಿದ್ದರೆ ಅಳೆಯುವುದಿಲ್ಲ. ಅಳೆಯದೆ ಸೋಲಾರಿಗೆ ಹೋದವರು 5 ಎಚ್‌ಪಿ ಪಂಪಿಗೆ 5 ಎಚ್‌ಪಿಯ ಪ್ಯಾನೆಲ್ಲನ್ನೇ ಹಾಕಿಸುತ್ತಾರೆ. ಅದೇ ತುಕ್ಕು ಹಿಡಿದ ಪೈಪಿಗೆ ಸೂರ್ಯನ ಶಕ್ತಿಯನ್ನೂ ಸುರಿಯುತ್ತಾರೆ.

ಗೌಡರ ತೋಟದಲ್ಲಿ ಕೊನೆಗೆ ಮಾಡಿದ್ದು ಇಷ್ಟು. ಮೂರಿಂಚಿನ ಪಿವಿಸಿ ಪೈಪು, ಹೊಸ ಫುಟ್‌ವಾಲ್ವು, ಫಲಕ ಓದಿ ಆರಿಸಿದ 3 ಎಚ್‌ಪಿ ಮೊನೊಬ್ಲಾಕ್. "ಐದು ಇದ್ದದ್ದನ್ನು ಮೂರು ಮಾಡಿದರೆ ನೀರು ಹತ್ತುತ್ತದೆಯೇ ಸ್ವಾಮಿ?" ಎಂದು ಗೌಡರು ಮೂರು ಸಲ ಕೇಳಿದರು. ಚಾಲು ಮಾಡಿದ ದಿನ ಡ್ರಮ್ಮು 42 ಸೆಕೆಂಡಿನಲ್ಲಿ ತುಂಬಿತು. ಮೀಟರು ತೋರಿಸಿದ್ದು ಸುಮಾರು 2,100 ವ್ಯಾಟ್. ನೂರಕ್ಕೆ ಹತ್ತೊಂಬತ್ತಿದ್ದದ್ದು ನಲವತ್ತನಾಲ್ಕಕ್ಕೆ ಏರಿತ್ತು. ಹುಡುಗ ನಾಲ್ಕು ಸಲ ಡ್ರಮ್ಮು ಖಾಲಿ ಮಾಡಿ ತುಂಬಿಸಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, ಇನ್ನು ಸೋಲಾರ್ ಹಾಕಿಸುವುದಾದರೆ ಪ್ಯಾನೆಲ್ಲೂ ಕಡಿಮೆ ಸಾಕಲ್ಲವೇ ಎಂದು ಕೇಳಿದ. ಹೌದು ಎಂದೆ.

ಸೋಲಾರಿನ ತೀರ್ಮಾನವನ್ನು ಅವರು ಮುಂದಿನ ಬೇಸಿಗೆಗೆ ಇಟ್ಟುಕೊಂಡಿದ್ದಾರೆ. ಮೊನ್ನೆ ಹುಡುಗನ ಫೋನು ಬಂದಿತ್ತು. ಪಕ್ಕದ ತೋಟದವರು ಕರಪತ್ರ ಹಿಡಿದು ಹೊರಟಿದ್ದರಂತೆ. ಇವನು ತಡೆದು ಡ್ರಮ್ಮು ಹೊತ್ತು ಅವರ ಬಾವಿಗೆ ಹೋಗಿದ್ದಾನೆ. "70 ಸೆಕೆಂಡು ಅಂಕಲ್" ಎಂದ. ಮೊದಲು ಫುಟ್‌ವಾಲ್ವ್ ಎತ್ತಿ ನೋಡು ಎಂದೆ.